ಎರಡು ಕಣ್ಣಿಗೆ ಒಂದೇ ಐಶ್ಯಾಡೋ ಒಪ್ಪದಿದ್ದಾಗ: 59 ವರ್ಷದವರ ಒಂದು ಪ್ರಕರಣ

"ದಿನಾ ಹಚ್ಚಿಕೊಳ್ಳೋಕೆ ಒಂದು ಐಶ್ಯಾಡೋ ಹೇಳಮ್ಮ, ನನ್ನ ವಯಸ್ಸಿನ ಕಣ್ಣಿಗೆ ಒಪ್ಪೋದು." ಕೇಳಿದವರಿಗೆ 59 ವರ್ಷ. ಗ್ರಂಥಾಲಯದಲ್ಲಿ ಕೆಲಸ, ದಿನವಿಡೀ ಜನರ ಜೊತೆ ಮಾತು, ನೆತ್ತಿಯ ಮೇಲೆ ಬಿಳಿ ಟ್ಯೂಬ್‌ಲೈಟು. ಮೇಕಪ್ ನನ್ನ ಕೆಲಸ. ಇಂಥ ಪ್ರಶ್ನೆ ಬರುತ್ತಲೇ ಇರುತ್ತದೆ, ಹೆಚ್ಚಿನ ಸಲ ಉತ್ತರವೂ ಬೇಗ ಮುಗಿಯುತ್ತದೆ. ಇವರ ವಿಷಯದಲ್ಲಿ ಮುಗಿಯಲಿಲ್ಲ. ಒಂದು ಕಣ್ಣಿಗೆ ಚೆನ್ನಾಗಿ ಕಂಡಿದ್ದು ಇನ್ನೊಂದಕ್ಕೆ ಕೆಟ್ಟದಾಗಿ ಕಾಣುತ್ತಿತ್ತು, ಅದರ ಕಾರಣ ಮೇಕಪ್ ಡಬ್ಬಿಯಲ್ಲಿ ಇರಲೂ ಇಲ್ಲ. ಹೆಸರು ಹಾಕಬೇಡ ಅಂದಿದ್ದಾರೆ, ಹಾಗಾಗಿ ಇಲ್ಲಿ ಮೇಡಂ ಅಂತಲೇ ಬರೆಯುತ್ತೇನೆ.

ಅವರ ಹತ್ತಿರ ಆಗಲೇ ಎರಡು ಬಗೆ ಇತ್ತು. ಒಂದು, ಬೆಳ್ಳಿ ಬಣ್ಣಕ್ಕೆ ತುಸು ಲ್ಯಾವೆಂಡರ್ ಬೆರೆತ ಮಿರಿಮಿರಿ ಮಿಂಚುವ ಪೌಡರ್. ಇನ್ನೊಂದು, ಯಾರೋ ಉಡುಗೊರೆ ಕೊಟ್ಟ ಕಂದು ಬಣ್ಣಗಳ ಪ್ಯಾಲೆಟ್, ಅದರಲ್ಲಿ ಮುಕ್ಕಾಲು ಪಾಲು ಮುಟ್ಟಿಯೇ ಇಲ್ಲ. ದೂರು ಮೂರು. ಹಚ್ಚಿದ್ದು ಕಾಣಿಸೋದೇ ಇಲ್ಲ. ಮಧ್ಯಾಹ್ನದ ಹೊತ್ತಿಗೆ ರೆಪ್ಪೆಯ ಮಡಿಕೆಯಲ್ಲಿ ಗೆರೆ ಕಟ್ಟುತ್ತದೆ. ಮೂರನೆಯದನ್ನು ಸ್ವಲ್ಪ ಮುಜುಗರದಿಂದ ಹೇಳಿದರು: ಎಡಗಣ್ಣು ಮಾತ್ರ ಹುಷಾರಿಲ್ಲದವರ ಕಣ್ಣಿನ ಹಾಗೆ ಕಾಣುತ್ತದೆ, ಸಹೋದ್ಯೋಗಿಗಳು "ರಾತ್ರಿ ನಿದ್ದೆ ಬರಲಿಲ್ವಾ" ಅಂತ ಕೇಳುತ್ತಾರೆ.

ಎಲ್ಲ ಕಡೆ ಸಿಗುವ ಸಲಹೆ ಇವರೂ ಪಾಲಿಸಿದ್ದರು. 50 ದಾಟಿದರೆ ಶಿಮ್ಮರ್, ಅಂದರೆ ಮಿಂಚುವ ಬಣ್ಣ ಬೇಡ, ಮ್ಯಾಟ್, ಅಂದರೆ ಹೊಳಪಿಲ್ಲದ ಕಂದು ತಗೊಂಡು ಮಡಿಕೆಯೊಳಗೆ ಹಚ್ಚಿ, ಕಣ್ಣು ಎದ್ದು ಕಾಣುತ್ತದೆ ಅನ್ನೋ ಸಲಹೆ. ಹಚ್ಚಿದ ದಿನವೇ ಎಡಗಣ್ಣು ಗುಳಿ ಬಿದ್ದಂತಾಗಿ, ತೊಳೆದುಕೊಂಡು ಹೋಗಿದ್ದರಂತೆ. ಈ ಸಲಹೆ ಪೂರ್ತಿ ಸುಳ್ಳೇನಲ್ಲ. ಆದರೆ "ವಯಸ್ಸಾದ ಕಣ್ಣು" ಅನ್ನೋದು ಒಂದೇ ಥರದ ಕಣ್ಣು ಅಂದುಕೊಂಡು ಹೇಳಿದ ಮಾತು ಅದು. ವಯಸ್ಸು ಒಬ್ಬರ ರೆಪ್ಪೆಯನ್ನು ಜೋತು ಬೀಳಿಸುತ್ತದೆ, ಇನ್ನೊಬ್ಬರದನ್ನು ಒಳಕ್ಕೆ ಇಳಿಸುತ್ತದೆ, ಮತ್ತೊಬ್ಬರದನ್ನು ಉಬ್ಬಿಸುತ್ತದೆ. ಮೂರಕ್ಕೂ ಒಂದೇ ಕಂದು ಹೇಗೆ ಸರಿಹೋಗುತ್ತದೆ ಹೇಳಿ.

ಮುಖ ತೊಳೆಸಿ, ಏನೂ ಹಚ್ಚದೆ, ಕಿಟಕಿಗೆ ಎದುರಾಗಿ ಕೂರಿಸಿದೆ. ಬಿಸಿಲು ನೇರ ಬೀಳಬಾರದು, ಬೆಳಕು ಎದುರಿನಿಂದ ಬರಬೇಕು, ಅಷ್ಟೇ. ಹಳದಿ ಬಲ್ಬಿನ ಕೆಳಗೆ ರೆಪ್ಪೆಯ ಕೆಂಪು, ನೀಲಿ ಎಲ್ಲ ಮುಚ್ಚಿಹೋಗುತ್ತದೆ, ಹೊರಗೆ ಬಂದ ಮೇಲೆ ಗೊತ್ತಾಗುತ್ತದೆ. ಕಣ್ಣು ಮುಚ್ಚಿ ಅನ್ನಲಿಲ್ಲ. ನೇರ ನನ್ನನ್ನೇ ನೋಡಿ, ಹುಬ್ಬು ಎತ್ತಬೇಡಿ ಅಂದೆ. ಇದು ಕಷ್ಟ, ಯಾಕೆಂದರೆ ರೆಪ್ಪೆ ಜೋತುಬಿದ್ದವರಿಗೆ ಗೊತ್ತಿಲ್ಲದೆಯೇ ಹುಬ್ಬು ಎತ್ತಿ ನೋಡುವ ಅಭ್ಯಾಸ ಆಗಿಬಿಟ್ಟಿರುತ್ತದೆ. ಹಣೆಗೆ ಬೆರಳಿಟ್ಟು ಸಡಿಲ ಬಿಡಿ ಅಂದಾಗ ನಿಜವಾದ ಕಣ್ಣು ಕಾಣಿಸಿತು.

ಬಲಗಣ್ಣು ವಯಸ್ಸಿಗೆ ತಕ್ಕ ಹಾಗೇ ಇತ್ತು. ಹುಬ್ಬಿನ ಕೆಳಗಿನ ಚರ್ಮ ಸಡಿಲವಾಗಿ ಮಡಿಕೆಯ ಮೇಲೆ ಕೂತಿದೆ, ಹೊರಮೂಲೆಯಲ್ಲಿ ಜಾಸ್ತಿ. ತೆರೆದು ಮುಚ್ಚುವ ರೆಪ್ಪೆ ಕಾಣೋದು ಬರೀ ಎರಡು ಮಿಲಿಮೀಟರ್ ಇರಬಹುದು. ಮೇಕಪ್‌ನವರು ಇದಕ್ಕೆ ಹುಡೆಡ್ ಅಂತಾರೆ. ಇದರಲ್ಲಿ ವಿಶೇಷ ಏನಿಲ್ಲ. ರೆಪ್ಪೆಯ ಚರ್ಮ ಮೈಯಲ್ಲೇ ಅತಿ ತೆಳು, ಹೆಚ್ಚುಕಮ್ಮಿ ಅರ್ಧ ಮಿಲಿಮೀಟರ್. ವಯಸ್ಸಾದ ಹಾಗೆ ಅದನ್ನು ಬಿಗಿಯಾಗಿ ಹಿಡಿದಿರುವ ಕೊಲಾಜೆನ್, ಎಲಾಸ್ಟಿನ್ ಕಡಿಮೆ ಆಗುತ್ತವೆ, ಹುಬ್ಬೂ ನಿಧಾನವಾಗಿ ಕೆಳಗಿಳಿಯುತ್ತದೆ.

ಎಡಗಣ್ಣು ಹಾಗಿರಲಿಲ್ಲ. ಅಲ್ಲಿ ಜೋತುಬಿದ್ದ ಚರ್ಮವೇ ಕಡಿಮೆ. ರೆಪ್ಪೆ ಪೂರ್ತಿ ಕಾಣುತ್ತಿತ್ತು, ಆದರೆ ಹುಬ್ಬಿನ ಎಲುಬಿನ ಕೆಳಗೆ ಆಳವಾದ ತಗ್ಗು. ರೆಪ್ಪೆಯ ಬಣ್ಣ ಬಲಗಡೆಗಿಂತ ಎದ್ದು ಕಾಣುವಷ್ಟು ಕಪ್ಪು. ಇನ್ನೊಂದು ವಿಚಿತ್ರ: ಎಡ ರೆಪ್ಪೆಗೂದಲು ಉದ್ದ, ದಪ್ಪ, ಒಂದೆರಡು ಅಡ್ಡಾದಿಡ್ಡಿಯಾಗಿ ಬೆಳೆದಿವೆ. 59ರಲ್ಲಿ ರೆಪ್ಪೆಗೂದಲು ತೆಳುವಾಗೋದು ಸಾಮಾನ್ಯ. ಒಂದೇ ಕಡೆ ದಟ್ಟವಾಗೋದು ಸಾಮಾನ್ಯ ಅಲ್ಲ. "ಮೇಡಂ, ಎಡಗಣ್ಣಿಗೆ ಏನಾದರೂ ಡ್ರಾಪ್ಸ್ ಹಾಕ್ತಿದ್ದೀರಾ?" ಅಂತ ಕೇಳಿದೆ.

ಹಾಕುತ್ತಿದ್ದರು. ಗ್ಲಕೋಮಾಗೆ, ಅಂದರೆ ಕಣ್ಣಿನ ನರ ಹಾಳಾಗಿ ದೃಷ್ಟಿ ಹೋಗುವ ಕಾಯಿಲೆಗೆ, ದಿನಾ ರಾತ್ರಿ ಒಂದು ಹನಿ, ಎಡಗಣ್ಣಿಗೆ ಮಾತ್ರ, ಎರಡು ವರ್ಷದ ಮೇಲಾಯಿತು. ಬಾಟಲಿಯ ಫೋಟೋ ತೋರಿಸಿದರು: ಬಿಮಾಟೊಪ್ರೋಸ್ಟ್. ಲಟಾನೊಪ್ರೋಸ್ಟ್, ಟ್ರಾವೊಪ್ರೋಸ್ಟ್ ಕೂಡ ಇದೇ ಗುಂಪಿನವು. ಕಣ್ಣಿನ ಒತ್ತಡ ಇಳಿಸೋದಕ್ಕೆ ಬಹಳ ಬಳಕೆಯಲ್ಲಿರುವ ಔಷಧಿಗಳು ಇವು, ಒಳ್ಳೆಯ ಔಷಧಿಗಳು. ಆದರೆ ಈ ಗುಂಪಿಗೆ ಹೊರಗೆ ಕಾಣುವ ಕೆಲವು ಅಡ್ಡಪರಿಣಾಮ ಇವೆ: ರೆಪ್ಪೆಗೂದಲು ಉದ್ದ, ದಪ್ಪ ಆಗುತ್ತವೆ, ಕಣ್ಣಿನ ಸುತ್ತಲಿನ ಚರ್ಮ ಕಪ್ಪಾಗಬಹುದು, ಕಣ್ಣಿನ ಗುಳಿಯೊಳಗಿನ ಕೊಬ್ಬು ಕರಗಿ ಮೇಲಿನ ರೆಪ್ಪೆ ಒಳಕ್ಕೆ ಇಳಿಯಬಹುದು, ಜೋತುಬಿದ್ದ ಚರ್ಮ ಕಡಿಮೆಯಾದಂತೆ ಕಾಣಬಹುದು. ರೆಪ್ಪೆಗೂದಲು ಬೆಳೆಸೋದಕ್ಕೆ ಅಂತಲೇ ಮಾರುವ ಒಂದು ಔಷಧಿಯೂ ಇದೇ ಬಿಮಾಟೊಪ್ರೋಸ್ಟ್. ಎರಡೂ ಕಣ್ಣಿಗೆ ಹಾಕುವವರಲ್ಲಿ ಬದಲಾವಣೆ ಎರಡೂ ಕಡೆ ಆಗೋದರಿಂದ ಯಾರೂ ಗಮನಿಸೋದಿಲ್ಲ. ಒಂದೇ ಕಣ್ಣಿಗೆ ಹಾಕುವವರಲ್ಲಿ ಎದ್ದು ಕಾಣುತ್ತದೆ.

ಇಲ್ಲಿ ಎರಡು ಮಾತು ಖಡಾಖಂಡಿತವಾಗಿ ಹೇಳಿದೆ. ಒಂದು, ಇದು ನನ್ನ ಊಹೆ, ತೀರ್ಮಾನ ಕಣ್ಣಿನ ಡಾಕ್ಟರದು, ಮುಂದಿನ ಭೇಟಿಯಲ್ಲಿ ತಪ್ಪದೆ ಕೇಳಿ. ಎರಡು, ಅಂದ ಕೆಡುತ್ತದೆ ಅಂತ ಹನಿ ಬಿಡಬೇಡಿ, ಒಂದು ರಾತ್ರಿ ಕೂಡ. ಗ್ಲಕೋಮಾದಲ್ಲಿ ಹೋದ ದೃಷ್ಟಿ ವಾಪಸ್ ಬರೋದಿಲ್ಲ, ಐಶ್ಯಾಡೋ ಇಲ್ಲದೆ ಬದುಕಬಹುದು. ಹನಿ ಹಾಕಿದ ಮೇಲೆ ರೆಪ್ಪೆಗೆ ಹರಿದ ಔಷಧಿಯನ್ನು ಒರೆಸಿಕೊಳ್ಳಿ ಅನ್ನೋದು ಔಷಧಿಯ ಜೊತೆ ಬರುವ ಚೀಟಿಯಲ್ಲೇ ಇರುತ್ತದೆ, ಅದನ್ನು ಅವರು ಓದಿರಲಿಲ್ಲ. ಯಾರು ಓದುತ್ತಾರೆ ಬಿಡಿ, ಅಷ್ಟು ಸಣ್ಣ ಅಕ್ಷರ.

ಈಗ ಕೆಲಸದ ರೂಪವೇ ಬದಲಾಯಿತು. ಮುಂದಕ್ಕೆ ಬಂದ ಜಾಗವನ್ನು ಹಿಂದಕ್ಕೆ ತಳ್ಳೋದು ಗಾಢ ಬಣ್ಣದ ಕೆಲಸ, ಹಿಂದಕ್ಕೆ ಹೋದ ಜಾಗವನ್ನು ಮುಂದಕ್ಕೆ ತರೋದು ತಿಳಿ ಬಣ್ಣದ ಕೆಲಸ. ಬಲಗಡೆ ಚರ್ಮ ಮುಂದಕ್ಕೆ ಬಂದಿದೆ, ಎಡಗಡೆ ತಗ್ಗು ಬಿದ್ದಿದೆ. ಮಡಿಕೆಗೆ ಮ್ಯಾಟ್ ಕಂದು ಅನ್ನೋ ಸಲಹೆ ಬಲಗಣ್ಣಿಗೆ ಸರಿ. ಎಡಗಣ್ಣಿಗೆ ಅದೇ ಕಂದು ಹಚ್ಚಿದರೆ ಮೊದಲೇ ಇರುವ ಗುಳಿಗೆ ಕತ್ತಲೆ ತುಂಬಿದ ಹಾಗೆ. ಅದರ ಮೇಲೆ ಗ್ರಂಥಾಲಯದ ಟ್ಯೂಬ್‌ಲೈಟ್ ಬೇರೆ, ಮೇಲಿನಿಂದ ಬೀಳುವ ಬೆಳಕಿಗೆ ಹುಬ್ಬಿನ ಎಲುಬಿನ ನೆರಳು ನೇರ ಆ ತಗ್ಗಿಗೇ ಬೀಳುತ್ತದೆ. "ನಿದ್ದೆ ಬರಲಿಲ್ವಾ" ಅನ್ನೋ ಪ್ರಶ್ನೆ ಎಲ್ಲಿಂದ ಬರುತ್ತಿತ್ತು ಅಂತ ಗೊತ್ತಾಯಿತಲ್ಲ. ಹಾಗಂತ ಎರಡು ಕಣ್ಣಿಗೆ ಎರಡು ಬೇರೆ ಸೆಟ್ ಕೊಂಡರೆ ಅದು ದಿನನಿತ್ಯದ ಮೇಕಪ್ ಆಗೋದಿಲ್ಲ, ತಲೆನೋವು. ಎರಡೇ ಬಣ್ಣ, ಹಚ್ಚುವ ಜಾಗ ಮಾತ್ರ ಬೇರೆ, ಅನ್ನೋದನ್ನು ಗುರಿಯಾಗಿ ಇಟ್ಟುಕೊಂಡೆ.

ಮೊದಲು ಬಗೆಹರಿಸಿದ್ದು ಮಿಂಚಿನ ವಿಷಯ, ಬಣ್ಣ ಆಮೇಲೆ. ಬಹಳ ಜನ ಬಣ್ಣದಿಂದ ಶುರು ಮಾಡುತ್ತಾರೆ, ಈ ವಯಸ್ಸಿನ ರೆಪ್ಪೆಗೆ ಅದು ತಲೆಕೆಳಗು. ಐಶ್ಯಾಡೋದ ಹೊಳಪು ಬರೋದು ಹೆಚ್ಚಾಗಿ ಮೈಕಾ ಅನ್ನೋ ಖನಿಜದ ಚಪ್ಪಟೆ ಚೂರುಗಳಿಂದ, ಅವುಗಳ ಮೇಲೆ ಟೈಟಾನಿಯಂ ಡೈಆಕ್ಸೈಡ್‌ನ ತೆಳು ಲೇಪ ಇರುತ್ತದೆ. ಚೂರು ಎಷ್ಟು ದೊಡ್ಡದು ಅನ್ನೋದೇ ಮುಖ್ಯ. ಸುಮಾರು 15 ಮೈಕ್ರಾನ್‌ಗಿಂತ ಸಣ್ಣದಾದರೆ ಮಿಂಚು ಕಾಣೋದಿಲ್ಲ, ರೇಷ್ಮೆಯಂಥ ಮೆಲ್ಲನೆಯ ಹೊಳಪು ಮಾತ್ರ, ಅದನ್ನೇ ಸ್ಯಾಟಿನ್ ಅಂತಾರೆ. ಅಲ್ಲಿಂದ ಸುಮಾರು 60 ಮೈಕ್ರಾನ್‌ವರೆಗೆ ಇದ್ದರೆ ಮುತ್ತಿನ ಹೊಳಪು. ಅದಕ್ಕೂ ದೊಡ್ಡದಾದರೆ ಒಂದೊಂದು ಚೂರೂ ಬೇರೆ ಬೇರೆಯಾಗಿ ಮಿನುಗುತ್ತದೆ. ಗ್ಲಿಟರ್ ಬಹಳ ಸಲ ಪ್ಲಾಸ್ಟಿಕ್ಕಿನ ತುಣುಕು, ಕಣ್ಣೊಳಗೆ ಬಿದ್ದರೆ ಕಾರ್ನಿಯಾ, ಅಂದರೆ ಕಣ್ಣಿನ ಮುಂದಿನ ಪಾರದರ್ಶಕ ಪದರ, ಗೀರುವ ಅಪಾಯ ಇದೆ, ಹಾಗಾಗಿ ಇವರಿಗೆ ಅದರ ಮಾತೇ ಇಲ್ಲ.

ಮೇಡಂ ಅವರ ಬೆಳ್ಳಿ ಪೌಡರ್ ದೊಡ್ಡ ಚೂರಿನದು. ಬಲ ರೆಪ್ಪೆಗೆ ಅದನ್ನು, ಎಡ ರೆಪ್ಪೆಗೆ ಸ್ಯಾಟಿನ್ ಒಂದನ್ನು ಹಚ್ಚಿ ಕೈಗನ್ನಡಿ ಕೊಟ್ಟೆ. ಮುದುಡಿದ ಕಾಗದದ ಮೇಲೆ ಪಕ್ಕದಿಂದ ಟಾರ್ಚ್ ಬಿಟ್ಟರೆ ಹೇಗೆ ಪ್ರತಿ ಸುಕ್ಕೂ ಎದ್ದು ಕಾಣುತ್ತದೋ, ಬಲಗಡೆ ಹಾಗೆ ಕಂಡಿತು: ಸುಕ್ಕಿನ ದಿಬ್ಬದ ಮೇಲೆಲ್ಲ ಹೊಳಪು, ಮಧ್ಯದ ಗೆರೆಯಲ್ಲಿ ಕತ್ತಲೆ. ಎಡಗಡೆ ಚರ್ಮ ನಯವಾಗಿ ಕಂಡಿತು. ಹಾಗಾದರೆ ಪೂರ್ತಿ ಮ್ಯಾಟ್ ಆಗಬಹುದಲ್ಲ ಅಂದರು. ಹೊಳಪೇ ಇಲ್ಲದ ಮ್ಯಾಟ್, ಅದರಲ್ಲೂ ಒರಟು ಪೌಡರಿನದು, ಒಣ ರೆಪ್ಪೆಯ ಮೇಲೆ ಧೂಳು ಕೂತಂತೆ ಕಾಣುತ್ತದೆ. ಅದಕ್ಕೇ "ಶಿಮ್ಮರ್ ಬೇಡವೇ ಬೇಡ" ಅನ್ನೋ ನಿಯಮ ನನಗೆ ಇಷ್ಟ ಇಲ್ಲ. ಚೂರು ಸಣ್ಣದಿರಲಿ, ಅಷ್ಟೇ. ಪರೀಕ್ಷೆ ಸುಲಭ: ಬೆರಳಿಗೆ ತಗೊಂಡು ಮಣಿಕಟ್ಟಿನ ಒಳಬದಿಗೆ ಸವರಿ, ಕೈ ಆ ಕಡೆ ಈ ಕಡೆ ಆಡಿಸಿ. ಚುಕ್ಕಿ ಚುಕ್ಕಿಯಾಗಿ ಮಿನುಗಿದರೆ ಬಿಡಿ. ಹೊಳಪು ಒಂದೇ ಸಮ ಹರಿದರೆ ಇಟ್ಟುಕೊಳ್ಳಿ.

ಇನ್ನು ಬಣ್ಣ. ಮೇಡಂ ಅವರದು ಹಳದಿ ಛಾಯೆಯ ನಡುಗಂದು ಮೈಬಣ್ಣ, ಎಡ ರೆಪ್ಪೆ ಅದಕ್ಕಿಂತ ಎರಡು ಛಾಯೆ ಕಪ್ಪು, ಕೂದಲು ಅರ್ಧ ನರೆತಿದೆ. ಲ್ಯಾವೆಂಡರ್ ಇವರಿಗೆ ಯಾಕೆ ಕಾಣುತ್ತಿರಲಿಲ್ಲ ಅಂದರೆ, ಅಂಥ ತಿಳಿ ಬಣ್ಣಗಳಲ್ಲಿ ಬಿಳಿಯ ಅಂಶ ಜಾಸ್ತಿ, ಕಂದು ಚರ್ಮದ ಮೇಲೆ ಅದು ಬಣ್ಣವಾಗಿ ಕಾಣದೆ ಬೂದಿ ಸವರಿದಂತೆ ಆಗುತ್ತದೆ. ಎಲ್ಲರಿಗೂ ಒಪ್ಪುತ್ತದೆ ಅಂತ ಹೇಳುವ ಟೋಪ್, ಅಂದರೆ ಬೂದುಗಂದು, ಅದನ್ನೂ ನೋಡಿದೆವು. ಬಲಗಡೆ ಪರವಾಗಿಲ್ಲ. ಎಡಗಡೆ ಆ ಬೂದು ಕಪ್ಪಿನ ಜೊತೆ ಸೇರಿ ಪೆಟ್ಟು ಬಿದ್ದ ಗುರುತಿನಂತೆ ಕಂಡಿತು. ಕೆಂಪು ಜಾಸ್ತಿ ಇರುವ ಇಟ್ಟಿಗೆ ಬಣ್ಣ ಹಚ್ಚಿದರೆ ಈಗಷ್ಟೇ ಅತ್ತವರ ಕಣ್ಣಿನ ಹಾಗೆ ಕಂಡಿತು. ಚಿನ್ನದ ಬಣ್ಣ ಚೆನ್ನಾಗೇ ಇತ್ತು, ಅವರಿಗೇ ಮನಸ್ಸು ಬರಲಿಲ್ಲ, "ಫಂಕ್ಷನ್‌ಗೆ ಹೊರಟಂಗಿದೆ" ಅಂದರು.

ಕೊನೆಗೆ ನಿಂತಿದ್ದು ಎರಡು. ಒಂದು, ಪೀಚ್ ಕಡೆಗೆ ವಾಲುವ ತಿಳಿಗಂದು ಸ್ಯಾಟಿನ್, ಹೆಚ್ಚುಕಮ್ಮಿ ಅವರ ಕೆನ್ನೆಯಷ್ಟೇ ತಿಳಿ. ಕಪ್ಪಿನಲ್ಲಿರುವ ನೀಲಿ, ಬೂದು ಛಾಯೆಯನ್ನು ಪೀಚ್ ಹೊಡೆದುಹಾಕುತ್ತದೆ, ಕಲೆ ಮುಚ್ಚೋಕೆ ಹಚ್ಚುವ ಕನ್ಸೀಲರ್‌ನಲ್ಲಿ ಇದೇ ತಂತ್ರ ಹಳೆಯದು. ಇನ್ನೊಂದು, ಅವರ ಮೈಬಣ್ಣಕ್ಕಿಂತ ಎರಡು ಛಾಯೆ ಗಾಢವಾದ ಮ್ಯಾಟ್ ಕಂದು, ಕೆಂಪೂ ಅಲ್ಲ ಬೂದಿಯೂ ಅಲ್ಲ. ತಮಾಷೆ ಅಂದರೆ ಎರಡನೆಯದು ಅವರ ಪ್ಯಾಲೆಟ್ಟಿನಲ್ಲೇ ಇತ್ತು, ಮೂಲೆಯಲ್ಲಿ, ಮುಟ್ಟದೆ. ಕೊಳ್ಳಬೇಕಾಗಿದ್ದು ಒಂದೇ. ಪ್ಯಾಲೆಟ್ಟಿನ ಹಿಂದೆ ತೆರೆದ ಡಬ್ಬಿಯ ಪುಟ್ಟ ಚಿತ್ರ, ಅದರೊಳಗೆ 24ಎಂ ಅಂತ ಇತ್ತು. ಅಂದರೆ ತೆರೆದ ಮೇಲೆ 24 ತಿಂಗಳು. ಅವರು ತೆರೆದು ಇನ್ನೂ ಒಂದು ವರ್ಷ ಆಗಿರಲಿಲ್ಲ, ಬಳಸಬಹುದು.

ಹಚ್ಚುವ ಜಾಗವೇ ಈ ಪ್ರಕರಣದ ಮುಕ್ಕಾಲು ಭಾಗ. ಅವರು ದಿನಾ ಹೇಗೆ ಹಚ್ಚಿಕೊಳ್ಳುತ್ತಾರೋ ಹಾಗೇ ಹಚ್ಚಿ ತೋರಿಸಿ ಅಂದೆ. ಪ್ರೋಗ್ರೆಸಿವ್ ಕನ್ನಡಕ ಹಾಕಿಕೊಂಡು ಗಲ್ಲ ಮೇಲೆತ್ತಿದರು, ಯಾಕೆಂದರೆ ಹತ್ತಿರದ್ದು ಕಾಣೋದು ಗಾಜಿನ ಕೆಳಭಾಗದಲ್ಲಿ. ಹಾಗೆ ಕೆಳಗೆ ನೋಡುವಾಗ ರೆಪ್ಪೆ ಇಳಿದು ಪೂರ್ತಿ ಬಿಚ್ಚಿಕೊಳ್ಳುತ್ತದೆ. ಕನ್ನಡಕವನ್ನು ಮೂಗಿನ ತುದಿಗೆ ಜಾರಿಸಿ, ಮೇಲಿಂದ ಬ್ರಷ್ ತೂರಿಸಿ, ಆ ಬಿಚ್ಚಿದ ರೆಪ್ಪೆಗೆ ಅಚ್ಚುಕಟ್ಟಾಗಿ ಬಣ್ಣ ತುಂಬಿದರು. ತಲೆ ನೇರ ಮಾಡಿ ನನ್ನ ಕಡೆ ನೋಡಿದ ತಕ್ಷಣ ಬಲಗಣ್ಣಿನ ಬಣ್ಣ ಪೂರ್ತಿ ಚರ್ಮದ ಮಡಿಕೆಯೊಳಗೆ ಹೋಯಿತು. ಹಚ್ಚಿದ್ದು ಕಾಣಲ್ಲ, ಗೆರೆ ಕಟ್ಟುತ್ತದೆ ಅನ್ನೋ ಎರಡು ದೂರಿಗೂ ಇದೇ ಮೂಲ. ಬಣ್ಣ ಇದ್ದಿದ್ದೇ ಚರ್ಮಕ್ಕೆ ಚರ್ಮ ಉಜ್ಜುವ ಜಾಗದಲ್ಲಿ.

ಕನ್ನಡಕ ತೆಗೆಸಿ ದೊಡ್ಡದಾಗಿ ಕಾಣುವ ಕನ್ನಡಿ ಕೊಟ್ಟೆ, ಕಣ್ಣಿನ ಮಟ್ಟಕ್ಕೆ ನಿಲ್ಲಿಸಿ. ಇಂಥ ಕನ್ನಡಿ ಒಳಬಾಗಿರುತ್ತದೆ, ಪ್ರತಿಬಿಂಬ ದೂರದಲ್ಲಿದ್ದಂತೆ ಮೂಡುತ್ತದೆ, ಅದಕ್ಕೇ ಚಾಳೀಸು ಬಂದವರಿಗೂ ಕನ್ನಡಕ ಇಲ್ಲದೆ ಕಾಣುತ್ತದೆ. ತಲೆ ನೇರ, ಕಣ್ಣು ತೆರೆದೇ ಇರಲಿ. ಬಲಗಡೆ, ಜೋತುಬಿದ್ದ ಚರ್ಮದ ಮೇಲೆ, ನಿಜವಾದ ಮಡಿಕೆಗಿಂತ ಅರ್ಧ ಬೆರಳು ಮೇಲೆ, ಮ್ಯಾಟ್ ಕಂದನ್ನು ಬ್ರಷ್‌ನಲ್ಲಿ ಸಣ್ಣಗೆ ಆಡಿಸೋದು, ಹೊರಗಡೆ ಮುಗಿಯುವಾಗ ಹುಬ್ಬಿನ ತುದಿಯ ಕಡೆ ಎತ್ತಿ ಬಿಡೋದು. ಸ್ಯಾಟಿನ್ ಬೇಕಾದರೆ ಒಳಮೂಲೆಯ ಹತ್ತಿರ ಒಂದು ಚೂರು. ಎಡಗಡೆ ತಗ್ಗಿಗೆ ಕಂದು ಬೇಡವೇ ಬೇಡ. ಸ್ಯಾಟಿನ್ ಅನ್ನೇ ರೆಪ್ಪೆಯಿಂದ ಹಿಡಿದು ತಗ್ಗಿನೊಳಗೂ ಬೆರಳಿನಿಂದ ಒತ್ತಿ, ಕಂದನ್ನು ರೆಪ್ಪೆಗೂದಲಿನ ಬುಡಕ್ಕೆ ಮಾತ್ರ, ತೆಳು ಗೆರೆಯಾಗಿ. ಒತ್ತೋದು ಅಂದರೆ ಒತ್ತೋದೇ, ಎಳೆಯೋದಲ್ಲ. ಇಷ್ಟು ಸಡಿಲ ಚರ್ಮವನ್ನು ಪಕ್ಕಕ್ಕೆ ಎಳೆದು ಹಚ್ಚಿದರೆ ಬಿಟ್ಟ ಮೇಲೆ ಗೆರೆ ಅಂಕುಡೊಂಕಾಗುತ್ತದೆ.

ಎಡಗಡೆ ಕಪ್ಪು ಪೂರ್ತಿ ಮುಚ್ಚಲಿಲ್ಲ, ಮುಚ್ಚಬೇಕು ಅಂತ ಹೊರಡಲೂ ಇಲ್ಲ. ದಪ್ಪ ಕನ್ಸೀಲರ್ ಹಚ್ಚಿ ಬಲಗಡೆಯ ಬಣ್ಣಕ್ಕೆ ತರಬಹುದಿತ್ತು, ಸಂಜೆಗೆ ಅದು ಬಿರುಕು ಬಿಡುತ್ತದೆ. ತೆಳುವಾಗಿ ಪ್ರೈಮರ್, ಅಂದರೆ ಬಣ್ಣ ನಿಲ್ಲೋಕೆ ಮೊದಲು ಹಚ್ಚುವ ತಳಲೇಪ, ಅದರ ಮೇಲೆ ಸ್ಯಾಟಿನ್, ಇಷ್ಟಕ್ಕೆ ಎರಡು ಛಾಯೆಯ ಅಂತರ ಒಂದಕ್ಕೆ ಇಳಿಯಿತು. ಮಾತಾಡುವ ದೂರದಲ್ಲಿ ಯಾರಿಗೂ ಗೊತ್ತಾಗೋದಿಲ್ಲ. ಬೆಳಗ್ಗೆ ಹಚ್ಚುವ ಮಾಯಿಶ್ಚರೈಸರ್ ಹೀರಿಕೊಳ್ಳಲು ಹತ್ತು ನಿಮಿಷ ಬಿಡಬೇಕು, ಅವರು ತಕ್ಷಣ ಪೌಡರ್ ಹಾಕುತ್ತಿದ್ದರು, ಗೆರೆ ಕಟ್ಟೋದಕ್ಕೆ ಅದೂ ಒಂದು ಕಾರಣ.

ಕ್ರೀಮ್ ಸ್ಟಿಕ್ ತಗೊಳ್ಳೋಣವಾ, ಬ್ರಷ್ ರಗಳೆಯೇ ಇರಲ್ಲ ಅಂತಲೂ ಕೇಳಿದರು. ಒಣ ರೆಪ್ಪೆಗೆ ಕ್ರೀಮ್ ನಿಜಕ್ಕೂ ಚೆನ್ನ. ಆದರೆ ಒಂದು ನಿಮಿಷದಲ್ಲಿ ಗಟ್ಟಿಯಾಗುವ ಬಗೆಯದು ಬೇಕು, ಮತ್ತೆ ಅಷ್ಟರೊಳಗೆ ಎರಡೂ ಕಡೆ ಹದ ಮಾಡಬೇಕು. ಗಟ್ಟಿಯಾಗದ ಕ್ರೀಮ್ ಹುಡೆಡ್ ರೆಪ್ಪೆಯಲ್ಲಿ ಒಂದು ಗಂಟೆ ನಿಲ್ಲೋದಿಲ್ಲ. ಸದ್ಯ ಪೌಡರ್ ಸಾಕು ಅಂದೆ.

ನೀಲಿ ಬಗ್ಗೆ ಒಂದು ಸಣ್ಣ ಜಗಳ ಆಯಿತು. ಅವರಿಗೆ ನೀಲಿ ಇಷ್ಟ, ಒಂದು ಆಕಾಶನೀಲಿ ತೋರಿಸಿ "ಎಷ್ಟು ತಣ್ಣಗಿದೆ ನೋಡು" ಅಂದರು. ನನಗೆ ಅದು ಕಣ್ಣು ಕುಕ್ಕುತ್ತಿತ್ತು. ಇದರಲ್ಲಿ ಬರೀ ರುಚಿಯ ಪ್ರಶ್ನೆ ಇಲ್ಲ. ವಯಸ್ಸಾದ ಹಾಗೆ ಕಣ್ಣಿನೊಳಗಿನ ಮಸೂರ ಹಳದಿಯಾಗುತ್ತಾ ಬಂದು ನೀಲಿ ಬೆಳಕನ್ನು ಒಳಗೆ ಕಡಿಮೆ ಬಿಡುತ್ತದೆ, ಹಾಗಾಗಿ ಅವರಿಗೆ ಮೆತ್ತಗೆ ಕಾಣುವ ನೀಲಿ 30ರ ವಯಸ್ಸಿನವರಿಗೆ ಗಾಢವಾಗಿ ಕಾಣಬಹುದು. ಕ್ಯಾಟರಾಕ್ಟ್ ಆಪರೇಷನ್ ಆದವರು ನೀಲಿ ಬಣ್ಣ ಎಷ್ಟು ಚೆಂದ ಅಂತ ಬೆರಗಾಗೋದು ಇದಕ್ಕೇ. ನೀಲಿ ಬೇಡ ಅನ್ನಲಿಲ್ಲ ನಾನು. ರೆಪ್ಪೆ ತುಂಬ ಬೇಡ, ರೆಪ್ಪೆಗೂದಲಿನ ಬುಡಕ್ಕೆ ಕಡುನೀಲಿ ಪೆನ್ಸಿಲ್ ಇರಲಿ ಅಂದೆ. ಒಪ್ಪಿದರು, ಅಷ್ಟೇನೂ ಮನಸ್ಸಿಲ್ಲದೆ.

ಎರಡು ತಿಂಗಳ ಮೇಲೆ ಮತ್ತೆ ಬಂದರು. ಡಾಕ್ಟರ್ ನೋಡಿ, ಬದಲಾವಣೆ ಹನಿಯಿಂದಲೇ ಅಂತ ಹೇಳಿದ್ದಾರೆ. ಒತ್ತಡ ಚೆನ್ನಾಗಿ ಹತೋಟಿಯಲ್ಲಿರೋದರಿಂದ ಸದ್ಯಕ್ಕೆ ಅದನ್ನೇ ಮುಂದುವರಿಸಿ, ಬದಲಾಯಿಸುವ ಮಾತು ಆಮೇಲೆ ನೋಡೋಣ ಅಂದಿದ್ದಾರೆ. ಔಷಧಿ ಬದಲಾದರೆ ಚರ್ಮದ ಕಪ್ಪು ನಿಧಾನವಾಗಿ ತಿಳಿಯಾಗುವ ಸಾಧ್ಯತೆ ಇದೆ, ಆಗ ಸ್ಯಾಟಿನ್ ಛಾಯೆಯನ್ನೂ ಮತ್ತೆ ನೋಡಬೇಕಾಗುತ್ತದೆ.

ಕಲಿಸಿದ್ದರಲ್ಲಿ ಎಷ್ಟು ಉಳಿದಿದೆ ಅಂತ ನೋಡಿದೆ. ಎಡಗಣ್ಣಿನ ಸ್ಯಾಟಿನ್ ದಿನಾ ಹಚ್ಚುತ್ತಾರೆ, ನಿದ್ದೆಯ ಪ್ರಶ್ನೆ ನಿಂತಿದೆಯಂತೆ. ಬಲಗಣ್ಣಿನ ಮ್ಯಾಟ್ ಕಂದು ವಾರದಲ್ಲಿ ಅರ್ಧದಷ್ಟು ದಿನಗಳು ಬಿಟ್ಟುಬಿಡುತ್ತಾರೆ, "ಯಾರಿಗೆ ಪುರುಸೊತ್ತು" ಅಂದರು. ಅದು ಇಲ್ಲದಿದ್ದರೂ ಕೆಟ್ಟದಾಗಿ ಕಾಣುವುದಿಲ್ಲ, ಹಾಗಾಗಿ ಒತ್ತಾಯ ಮಾಡಲಿಲ್ಲ. ಮಸ್ಕಾರ ಬಲಗಡೆಗೆ ಮಾತ್ರ ಹಚ್ಚುತ್ತಿದ್ದಾರೆ, ಎಡಗಡೆಗೆ ಹನಿಯೇ ಆ ಕೆಲಸ ಮಾಡಿದೆ. ಉಳಿದಿರುವ ತೊಂದರೆ ಒಂದೇ. ಬಲಗಣ್ಣಿನ ಹೊರಮೂಲೆಯಲ್ಲಿ ಸಂಜೆ ನೀರು ಬರುತ್ತದೆ, ಅಲ್ಲಿ ಪೆನ್ಸಿಲ್ ಹರಡುತ್ತದೆ. ಕೊನೆಯ ನಾಲ್ಕೈದು ಮಿಲಿಮೀಟರ್ ಖಾಲಿ ಬಿಡಿ, ನೀರಿನ ವಿಷಯ ಮುಂದಿನ ಸಲ ಡಾಕ್ಟರಿಗೆ ಹೇಳಿ ಅಂದಿದ್ದೇನೆ. ಆಕಾಶನೀಲಿಯನ್ನು ಮಾತ್ರ ಹೇಗೋ ಕೊಂಡುಕೊಂಡಿದ್ದಾರೆ. ಮನೆಯಲ್ಲಿ ಭಾನುವಾರ ಹಚ್ಚಿಕೊಳ್ಳೋಕಂತೆ.